ಡಿವೋರ್ಸ್ ಕೇಸ್ ಎಷ್ಟು ದಿನ ಹಿಡಿಯುತ್ತದೆ? ಅರ್ಜಿಯಿಂದ ಡಿಕ್ರಿವರೆಗೆ, ಹಂತ ಹಂತವಾಗಿ

ವಕೀಲರ ಎದುರು ಕೂತವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಸಾರ್, ಎಷ್ಟು ದಿನ ಆಗುತ್ತೆ?" ಬರುವ ಉತ್ತರವೂ ಬಹುತೇಕ ಒಂದೇ: "ನೋಡೋಣ." ಆ "ನೋಡೋಣ"ದ ಒಳಗೆ ಏನೇನಿದೆ ಅಂತ ಬಿಡಿಸಿ ನೋಡೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚಿಕ್ಕ ಉತ್ತರ. ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದರೆ ಅರ್ಜಿ ಹಾಕಿದ ದಿನದಿಂದ ಆರೇಳು ತಿಂಗಳು. ಆರು ತಿಂಗಳ ಕಾಯುವ ಅವಧಿಗೆ ವಿನಾಯಿತಿ ಸಿಕ್ಕರೆ ಇನ್ನೂ ಬೇಗ. ಒಬ್ಬರು ಒಪ್ಪದೆ ಕೇಸ್ ನಡೆಸಿದರೆ ಎರಡರಿಂದ ಐದು ವರ್ಷ ಸಾಮಾನ್ಯ. ಅದರ ಮೇಲೆ ಹೈಕೋರ್ಟ್ ಮೇಲ್ಮನವಿ ಬಂದರೆ ಲೆಕ್ಕವೇ ಬೇರೆ.

ಇಲ್ಲೊಂದು ತಮಾಷೆ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 21ಬಿ ಓದಿ ನೋಡಿ. ಎದುರಿನವರಿಗೆ ನೋಟಿಸ್ ತಲುಪಿದ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು, ಸಾಧ್ಯವಾದಷ್ಟೂ ದಿನದಿನವೂ ವಿಚಾರಣೆ ನಡೆಸಬೇಕು ಅಂತ ಅದರಲ್ಲೇ ಬರೆದಿದೆ. ಕಾನೂನು ಆರು ತಿಂಗಳು ಅನ್ನುತ್ತದೆ, ನಡೆಯುವುದು ಮೂರು ವರ್ಷ. ಮಧ್ಯದ ಎರಡೂವರೆ ವರ್ಷ ಎಲ್ಲಿ ಹೋಗುತ್ತದೆ? "ಇವರಿಗೆ ಡಿವೋರ್ಸ್ ಕೊಡಬೇಕೋ ಬೇಡವೋ" ಅನ್ನುವ ಪ್ರಶ್ನೆಗಂತೂ ಅಷ್ಟು ಹೋಗುವುದಿಲ್ಲ. ತಲುಪದ ನೋಟಿಸಿಗೆ, ಜೀವನಾಂಶದ ಜಗಳಕ್ಕೆ, ಮಗು ಯಾರ ಹತ್ತಿರ ಅನ್ನುವ ತಕರಾರಿಗೆ, ಪಕ್ಕದಲ್ಲಿ ಓಡುತ್ತಿರುವ ಬೇರೆ ಕೇಸುಗಳಿಗೆ ಹೋಗುತ್ತದೆ.

ಹಂತ 1: ನಿಮಗೆ ಯಾವ ಕಾನೂನು ಅನ್ನೋದು ನೋಡಿಕೊಳ್ಳಿ

ಹಿಂದೂ, ಬೌದ್ಧ, ಜೈನ, ಸಿಖ್ ದಂಪತಿಗೆ ಹಿಂದೂ ವಿವಾಹ ಕಾಯ್ದೆ. ಬೇರೆ ಬೇರೆ ಧರ್ಮದವರು ರಿಜಿಸ್ಟರ್ ಮದುವೆ ಆಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ. ಎರಡರಲ್ಲೂ ಪರಸ್ಪರ ಒಪ್ಪಿಗೆಗೆ ಒಂದು ವರ್ಷ ಬೇರೆ ಬಾಳಿರಬೇಕು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಅದರ 10ಎ ಸೆಕ್ಷನ್ ಎರಡು ವರ್ಷ ಬೇರೆ ಇರಬೇಕು ಅನ್ನುತ್ತದೆ. ಆದರೆ ಕರ್ನಾಟಕ ಹೈಕೋರ್ಟ್ ಅದನ್ನು ಒಂದು ವರ್ಷ ಅಂತಲೇ ಓದಿಕೊಳ್ಳಬೇಕು ಎಂದಿದೆ. ಮುಸ್ಲಿಂ ದಂಪತಿ ಇಬ್ಬರೂ ಒಪ್ಪಿದರೆ ಮುಬಾರಾತ್ ದಾರಿ ಇದೆ. ಹೆಂಡತಿ ಕೋರ್ಟಿಗೆ ಹೋಗುವುದಾದರೆ 1939ರ ಕಾಯ್ದೆ ಇದೆ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಹಿಂದೂ ವಿವಾಹ ಕಾಯ್ದೆಯ ಲೆಕ್ಕ. ಕೋರ್ಟಿನ ನಡಿಗೆ ಮಾತ್ರ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ.

ಮದುವೆಯಾಗಿ ಒಂದು ವರ್ಷ ಆಗದೆ ಡಿವೋರ್ಸ್ ಅರ್ಜಿ ಹಾಕುವಂತಿಲ್ಲ. ಇದು ಸೆಕ್ಷನ್ 14. ವಿಪರೀತ ಕಷ್ಟ ಇದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಆದರೆ ಆ ಅನುಮತಿಗೇ ಒಂದಷ್ಟು ತಿಂಗಳು ಹೋಗುವುದರಿಂದ, ಮದುವೆಯಾಗಿ ಹತ್ತು ತಿಂಗಳಾದವರು ಸುಮ್ನೆ ಇನ್ನೆರಡು ತಿಂಗಳು ಕಾಯುವುದು ವಾಸಿ.

ಕಾರಣ ಇಟ್ಟು ಕೇಸ್ ಹಾಕುವವರು ಇನ್ನೊಂದು ಲೆಕ್ಕ ನೋಡಬೇಕು. "ಬಿಟ್ಟು ಹೋಗಿದ್ದಾರೆ" ಅನ್ನುವುದು ಕಾರಣವಾಗಬೇಕಾದರೆ, ಅರ್ಜಿಗೆ ಮುಂಚೆ ಸತತ ಎರಡು ವರ್ಷ ಆಗಿರಬೇಕು. ಒಂದೂವರೆ ವರ್ಷಕ್ಕೇ ಅವಸರ ಮಾಡಿ ಹಾಕಿದರೆ ಆ ಕಾರಣವೇ ಬಿದ್ದುಹೋಗುತ್ತದೆ. ಕ್ರೌರ್ಯಕ್ಕೆ ಇಂಥ ಅವಧಿ ಇಲ್ಲ.

ಹಂತ 2: ಎಲ್ಲಿ ಅರ್ಜಿ ಹಾಕುತ್ತೀರಿ?

ನಾಲ್ಕು ಜಾಗ ಮುಖ್ಯ: ಮದುವೆ ಆದ ಊರು, ಎದುರಿನವರು ಈಗ ಇರುವ ಊರು, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರು, ಮತ್ತು ಅರ್ಜಿ ಹಾಕುವವರು ಹೆಂಡತಿಯಾದರೆ ಅವರು ಈಗ ಇರುವ ಊರು. ಕೊನೆಯದನ್ನು 2003ರ ತಿದ್ದುಪಡಿಯಲ್ಲಿ ಸೇರಿಸಿದರು.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಡ ತನಗೆ ಅನುಕೂಲ ಅಂತ ದೂರದ ಊರಲ್ಲಿ ಕೇಸ್ ಹಾಕಿದರೆ ಹೆಂಡತಿ ವರ್ಗಾವಣೆ ಅರ್ಜಿ ಹಾಕುತ್ತಾರೆ. ಒಂದೇ ರಾಜ್ಯದ ಒಳಗಾದರೆ ಹೈಕೋರ್ಟಿಗೆ, ಬೇರೆ ರಾಜ್ಯವಾದರೆ ಸುಪ್ರೀಂ ಕೋರ್ಟಿಗೆ. ಅಲ್ಲಿ ತಡೆಯಾಜ್ಞೆ ಬಂದರೆ ಮೂಲ ಕೇಸ್ ಇದ್ದಲ್ಲೇ ನಿಲ್ಲುತ್ತದೆ. ಇಂಥ ಅರ್ಜಿಗಳಲ್ಲಿ ಹೆಂಡತಿಯ ಅನುಕೂಲಕ್ಕೆ, ಚಿಕ್ಕ ಮಗು ಇದ್ದರಂತೂ, ಕೋರ್ಟು ಸಾಮಾನ್ಯವಾಗಿ ಜಾಸ್ತಿ ತೂಕ ಕೊಡುತ್ತದೆ. ಅಂದಮೇಲೆ ಮೊದಲೇ ಆಕೆ ಇರುವ ಊರಲ್ಲಿ ಹಾಕಿದ್ದರೆ ಅಷ್ಟು ತಿಂಗಳು ಉಳಿಯುತ್ತಿತ್ತು, ಅಲ್ವಾ?

ಹಂತ 3: ಇಬ್ಬರೂ ಒಪ್ಪಿದ್ದರೆ, 13ಬಿ ದಾರಿ

ಪರಸ್ಪರ ಒಪ್ಪಿಗೆಯ ಡಿವೋರ್ಸ್, ಅಂದರೆ ಸೆಕ್ಷನ್ 13ಬಿ, ಹಿಂದೂ ವಿವಾಹ ಕಾಯ್ದೆಗೆ ಬಂದಿದ್ದು 1976ರಲ್ಲಿ. ಇದಕ್ಕೆ ಎರಡು ಹೆಜ್ಜೆ. ಇಬ್ಬರೂ ಸೇರಿ ಅರ್ಜಿ ಹಾಕುವುದು ಮೊದಲನೆಯದು. ಆರು ತಿಂಗಳು ಕಳೆದ ಮೇಲೆ, 18 ತಿಂಗಳು ಮೀರುವ ಮುಂಚೆ, ಇಬ್ಬರೂ ಬಂದು "ಹೌದು, ಈಗಲೂ ಬೇಕು" ಅನ್ನುವುದು ಎರಡನೆಯದು. ಕೋರ್ಟಿನ ಮಾತಿನಲ್ಲಿ ಇವಕ್ಕೆ ಫಸ್ಟ್ ಮೋಷನ್, ಸೆಕೆಂಡ್ ಮೋಷನ್ ಎಂದು ಹೆಸರು.

"ಒಂದು ವರ್ಷ ಬೇರೆ ಇರಬೇಕು" ಅಂದರೆ ಬೇರೆ ಮನೆ ಮಾಡಲೇಬೇಕು ಅಂತಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದ ಹಾಗೆಯೇ. 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗುವವರೆಗೆ ಒಬ್ಬರು ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು ಅನ್ನುವುದೂ ಅದೇ ತೀರ್ಪಿನಲ್ಲಿದೆ. ಎಷ್ಟೋ 13ಬಿ ಕೇಸುಗಳು ಕೆಡುವುದು ಇಲ್ಲೇ. ಆರು ತಿಂಗಳಲ್ಲಿ ಯಾರೋ ಒಬ್ಬರು ಮನೆಯವರ ಮಾತು ಕೇಳಿ "ಈ ದುಡ್ಡು ಸಾಲದು" ಅನ್ನುತ್ತಾರೆ, ಎಲ್ಲ ಮೊದಲಿನಿಂದ ಶುರು.

ಇನ್ನು ಆರು ತಿಂಗಳ ವಿನಾಯಿತಿ. 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಆರು ತಿಂಗಳು ಕಡ್ಡಾಯವಲ್ಲ, ಕುಟುಂಬ ನ್ಯಾಯಾಲಯವೇ ಬಿಟ್ಟುಕೊಡಬಹುದು ಎಂದು ಹೇಳಿತು. ಅದಕ್ಕೆ ಕೋರ್ಟು ನೋಡುವುದು ಇಷ್ಟು: ಮೊದಲ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು. ರಾಜಿ ಮಾಡಿಸುವ ಪ್ರಯತ್ನ ನಡೆದು ಸೋತಿರಬೇಕು. ದುಡ್ಡು, ಮಗು, ಉಳಿದ ವಿಷಯ ಎಲ್ಲ ಇತ್ಯರ್ಥ ಆಗಿರಬೇಕು. ಇನ್ನೂ ಕಾಯಿಸಿದರೆ ನೋವು ಉದ್ದ ಆಗುತ್ತದೆ ಅಷ್ಟೇ ಅನ್ನುವ ಪರಿಸ್ಥಿತಿ ಇರಬೇಕು. ಫಸ್ಟ್ ಮೋಷನ್ ಆದ ಒಂದು ವಾರಕ್ಕೇ ಈ ವಿನಾಯಿತಿ ಅರ್ಜಿ ಹಾಕಬಹುದು. 2021ರ ಇನ್ನೊಂದು ತೀರ್ಪಿನಲ್ಲಿ ಈ ಅಂಶಗಳನ್ನು ಲೆಕ್ಕಪತ್ರದ ಹಾಗೆ ಕಟ್ಟುನಿಟ್ಟಾಗಿ ನೋಡಬೇಕಿಲ್ಲ ಎಂದೂ ಹೇಳಿದೆ.

ಒಂದು ಲೆಕ್ಕ ಹಾಕೋಣ. 2024ರ ಜನವರಿಯಿಂದ ಬೇರೆ ಇದ್ದೀರಿ ಅಂದುಕೊಳ್ಳಿ. 2025ರ ಫೆಬ್ರುವರಿಯಲ್ಲಿ ಅರ್ಜಿ ಹಾಕಿದರೆ ಆಗಸ್ಟಿಗೆ ಆರು ತಿಂಗಳು ತುಂಬಿ, ಸೆಪ್ಟೆಂಬರ್ ಹೊತ್ತಿಗೆ ಡಿಕ್ರಿ ಸಿಗಬಹುದು. ಅದೇ ನೀವು 2025ರ ಆಗಸ್ಟಿನಲ್ಲಿ ಅರ್ಜಿ ಹಾಕಿ ವಿನಾಯಿತಿ ಕೇಳಿದರೂ ಅಕ್ಟೋಬರ್ ಆಸುಪಾಸಿಗೆ ಮುಗಿಯಬಹುದು. ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಅದಕ್ಕೇ ನನ್ನ ಅಭಿಪ್ರಾಯ: ದುಡ್ಡಿನ ಮಾತು ಅರ್ಧಂಬರ್ಧ ಆಗಿರುವಾಗ ಅರ್ಜಿ ಹಾಕಲು ಓಡಬೇಡಿ. ಮೊದಲು ಎಲ್ಲ ಮಾತಾಡಿ, ಬರೆದು, ಆಮೇಲೆ ಹೋದರೂ ಅದೇ ಹೊತ್ತಿಗೆ ಮುಗಿಯುತ್ತದೆ, ಮಧ್ಯದಲ್ಲಿ ಒಡೆಯುವ ಭಯ ಕಡಿಮೆ.

ಒಪ್ಪಂದದಲ್ಲಿ ಯಾವುದನ್ನೂ "ಆಮೇಲೆ ನೋಡೋಣ" ಅಂತ ಬಿಡಬೇಡಿ. ಒಟ್ಟು ಮೊತ್ತ ಎಷ್ಟು, ಯಾವ ದಿನ ಎಷ್ಟು ಕಂತು, ಡಿಡಿಯೋ ಬ್ಯಾಂಕ್ ವರ್ಗಾವಣೆಯೋ, ಒಡವೆ ಮತ್ತು ಸಾಮಾನು ಯಾವಾಗ ವಾಪಸ್, ಜಂಟಿ ಸಾಲದ ಇಎಂಐ ಯಾರು ಕಟ್ಟುತ್ತಾರೆ, ಮಗುವಿನ ಶಾಲೆ ಫೀಸು ಯಾರದು, ರಜೆಯಲ್ಲಿ ಮಗು ಎಲ್ಲಿರುತ್ತದೆ, ಮಗುವಿನ ಪಾಸ್‌ಪೋರ್ಟಿಗೆ ಸಹಿ ಯಾರು ಹಾಕುತ್ತಾರೆ. ಹಣದ ಒಂದು ಭಾಗ ಫಸ್ಟ್ ಮೋಷನ್ ದಿನ, ಉಳಿದಿದ್ದು ಸೆಕೆಂಡ್ ಮೋಷನ್ ದಿನ ಎಂದು ಬರೆದುಕೊಳ್ಳುವುದು ರೂಢಿ. ಇಬ್ಬರಿಗೂ ಕೊನೆವರೆಗೆ ಬರಲು ಒಂದು ಕಾರಣ ಇರುತ್ತದೆ.

ಹಂತ 4: ಒಬ್ಬರು ಒಪ್ಪದಿದ್ದರೆ

ಇಲ್ಲಿಂದ ದಾರಿ ಉದ್ದ.

*ನೋಟಿಸ್.* ಅರ್ಜಿಗೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್, ಅಂದರೆ ವೈವಾಹಿಕ ಕೇಸ್) ನಂಬರ್ ಬೀಳುತ್ತದೆ, ನೋಟಿಸ್ ಹೊರಡುತ್ತದೆ. ಅಲ್ಲಿಗೆ ಮೊದಲ ಕಂಟಕ. "ಮನೆ ಬೀಗ ಹಾಕಿದೆ", "ವಿಳಾಸ ಬಿಟ್ಟು ಹೋಗಿದ್ದಾರೆ" ಅಂತ ಷರಾ ಬರೆದು ನೋಟಿಸ್ ವಾಪಸ್ ಬಂದರೆ ಇನ್ನೊಂದು ತಾರೀಕು, ಮತ್ತೆ ನೋಟಿಸ್. ನನ್ನ ಹತ್ತಿರದವರ ಒಂದು ಕೇಸಿನಲ್ಲಿ ಅರ್ಜಿಗೆ ಹಳೇ ಬಾಡಿಗೆ ಮನೆ ವಿಳಾಸ ಬರೆದಿದ್ದರು. ಯಾರೂ ಗಮನಿಸಲಿಲ್ಲ. ನಾಲ್ಕು ತಿಂಗಳು ಅದರಲ್ಲೇ ಹೋಯಿತು. ಹಾಗಾಗಿ ಗೊತ್ತಿರುವ ಎಲ್ಲ ವಿಳಾಸ ಕೊಡಿ: ಮನೆ, ತವರು, ಆಫೀಸು. ಇಮೇಲ್, ವಾಟ್ಸಾಪ್ ಮೂಲಕವೂ ಕಳಿಸಲು ಅನುಮತಿ ಕೇಳಿ. ಯಾವ ದಾರಿಯಲ್ಲೂ ತಲುಪದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಕೋರ್ಟು ಒಪ್ಪುತ್ತದೆ.

ನೋಟಿಸ್ ತಲುಪಿಯೂ ಬರದಿದ್ದರೆ ಎಕ್ಸ್‌ಪಾರ್ಟಿ, ಅಂದರೆ ಅವರಿಲ್ಲದೆಯೇ ಕೇಸ್ ಮುಂದೆ ಹೋಗುತ್ತದೆ. ಬೇಗ ಮುಗಿಯಿತು ಅಂತ ಖುಷಿಪಡುವ ಮುಂಚೆ ಒಂದು ಮಾತು. ಅವರು ಆಮೇಲೆ ಬಂದು "ನನಗೆ ನೋಟಿಸೇ ಬಂದಿರಲಿಲ್ಲ" ಅಂತ ಹೇಳಿ ಡಿಕ್ರಿ ರದ್ದು ಮಾಡಿಸಬಹುದು. ಬೇಕೆಂದೇ ತಪ್ಪು ವಿಳಾಸ ಕೊಟ್ಟು ಎಕ್ಸ್‌ಪಾರ್ಟಿ ಪಡೆದವರು ಕೊನೆಗೆ ಎರಡು ಪಟ್ಟು ಸಮಯ ಕಳೆದುಕೊಳ್ಳುತ್ತಾರೆ.

*ರಾಜಿ ಸಂಧಾನ.* 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಸೆಕ್ಷನ್ 9ರ ಪ್ರಕಾರ ಕೋರ್ಟು ಮೊದಲು ರಾಜಿಗೆ ಪ್ರಯತ್ನಿಸಬೇಕು. ಬೆಂಗಳೂರಿನಲ್ಲಾದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲೇ ಮೀಡಿಯೇಷನ್ ಕೇಂದ್ರವೂ ಇದೆ. "ಕೋರ್ಟು ಸುಮ್ನೆ ಟೈಮ್ ವೇಸ್ಟ್ ಮಾಡಿಸುತ್ತಿದೆ" ಎಂದು ಗೊಣಗಿ ಹಾಜರಾಗದೆ ಇರುವವರೇ ಜಾಸ್ತಿ. ನಾನು ಹೇಳುವುದು ಉಲ್ಟಾ. ಮೂರು ವರ್ಷದ ಕೇಸನ್ನು ಆರು ತಿಂಗಳಿಗೆ ಇಳಿಸಬಲ್ಲ ಜಾಗ ಇದೊಂದೇ. ಮತ್ತೆ ಒಂದಾಗಲೇಬೇಕು ಅಂತ ಅಲ್ಲಿ ಒತ್ತಾಯ ಇಲ್ಲ, ಹೇಗೆ ಬೇರೆಯಾಗುವುದು ಅಂತಲೂ ಮಾತಾಡಬಹುದು. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ, ಆಮೇಲೆ ಸಾಕ್ಷಿಯಾಗಿ ಬಳಸುವಂತಿಲ್ಲ. ಒಪ್ಪಂದ ಆದರೆ ನಡೆಯುತ್ತಿರುವ ಕೇಸನ್ನೇ 13ಬಿಗೆ ಬದಲಾಯಿಸಿಕೊಳ್ಳಬಹುದು.

*ತಕರಾರು.* ಎದುರಿನವರು ಉತ್ತರ ಬರೆದು ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 30 ದಿನ, ಕಾರಣ ಇದ್ದರೆ 90 ದಿನದವರೆಗೆ ಅವಕಾಶ. 90 ಮೀರಿದರೂ ಕೆಲವೊಮ್ಮೆ ದಂಡ ಹಾಕಿ ಒಪ್ಪಿಕೊಳ್ಳುತ್ತಾರೆ.

*ಮಧ್ಯಂತರ ಅರ್ಜಿಗಳು.* ಕೇಸ್ ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಕೇಸ್ ಮುಗಿಯುವವರೆಗೆ ಜೀವನಾಂಶ ಕೊಡಿ, ವಕೀಲರ ಖರ್ಚು ಕೊಡಿ ಎಂದು ಸೆಕ್ಷನ್ 24ರ ಅರ್ಜಿ ಬರುತ್ತದೆ. ಇದನ್ನು ನೋಟಿಸ್ ತಲುಪಿದ 60 ದಿನದಲ್ಲಿ ತೀರ್ಮಾನಿಸಬೇಕು ಅಂತ ಕಾಯ್ದೆಯಲ್ಲಿದೆ. ಮಗುವನ್ನು ನೋಡಲು ಬಿಡಿ ಅನ್ನುವ ಅರ್ಜಿಯೂ ಜೊತೆಗೆ ಬರುತ್ತದೆ. ಸಂಬಳ ಎಷ್ಟು ಅಂತ ಒಬ್ಬರು ಮುಚ್ಚಿಡುವುದು, ಇನ್ನೊಬ್ಬರು ಬಾಯಿಗೆ ಬಂದಷ್ಟು ಹೇಳುವುದು, ಇದರಲ್ಲೇ ಒಂದು ವರ್ಷ ಕಳೆದ ಕೇಸುಗಳಿವೆ.

ಇದಕ್ಕೆ ಮದ್ದು ಅಂತಲೇ 2020ರ ನವೆಂಬರಿನಲ್ಲಿ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಜೀವನಾಂಶ ಕೇಳುವವರು, ಕೊಡಬೇಕಾದವರು ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಹಾಕಲೇಬೇಕು. ಎದುರಿನವರಿಗೆ ಹೆಚ್ಚೆಂದರೆ ನಾಲ್ಕು ವಾರ. ಇಬ್ಬರ ಪ್ರಮಾಣಪತ್ರ ಬಂದ ನಾಲ್ಕರಿಂದ ಆರು ತಿಂಗಳೊಳಗೆ ಮಧ್ಯಂತರ ಜೀವನಾಂಶ ತೀರ್ಮಾನ ಆಗಬೇಕು. ಬೇಗ ಮುಗಿಯಬೇಕು ಅನ್ನುವವರು ಕೋರ್ಟು ಕೇಳುವ ಮುಂಚೆಯೇ ಈ ಪ್ರಮಾಣಪತ್ರ ತಯಾರು ಮಾಡಿಟ್ಟುಕೊಳ್ಳಿ. ಸಂಬಳದ ಚೀಟಿ, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕಾಗದ ಒಂದು ಫೈಲಿನಲ್ಲಿರಲಿ.

ಜೀವನಾಂಶದ ಆದೇಶ ಬಂದ ಮೇಲೆ ಕಟ್ಟದೆ ಇರುವುದು ಇನ್ನೊಂದು ದೊಡ್ಡ ತಪ್ಪು. ಬಾಕಿ ಬೆಳೆಯುತ್ತದೆ, ಕೋರ್ಟು ನಿಮ್ಮ ವಾದವನ್ನೇ ತಳ್ಳಿಹಾಕಬಹುದು. ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗಿ ಅಲ್ಲಿ ತಡೆಯಾಜ್ಞೆ ಬಂದರೆ, ಅದು ತೀರ್ಮಾನ ಆಗುವವರೆಗೆ ಫೈಲು ಅಲುಗಾಡುವುದಿಲ್ಲ.

*ಸಾಕ್ಷಿ.* ನೀವು ಹೇಳಬೇಕಾದದ್ದನ್ನು ಪ್ರಮಾಣಪತ್ರವಾಗಿ ಕೊಡುತ್ತೀರಿ. ಆಮೇಲೆ ಎದುರಿನ ವಕೀಲರಿಂದ ಪಾಟೀ ಸವಾಲು. ಒಂದೇ ದಿನ ಮುಗಿಯುವುದು ಅಪರೂಪ. "ಇನ್ನೂ ಸ್ವಲ್ಪ ಕ್ರಾಸ್ ಇದೆ" ಅಂತ ಮೂರು ನಾಲ್ಕು ತಾರೀಕಿಗೆ ಎಳೆಯುತ್ತದೆ. ಪ್ರತಿ ತಾರೀಕಿನ ನಡುವೆ ಒಂದು ತಿಂಗಳು, ಕೋರ್ಟಿನಲ್ಲಿ ರಶ್ ಇದ್ದರೆ ಎರಡು. ನಿಮ್ಮ ಕಡೆ ಹತ್ತು ಸಾಕ್ಷಿ ಇಟ್ಟರೆ ಹತ್ತು ಪಾಟೀ ಸವಾಲು. ಮನೆಯಲ್ಲಿ ಆದ ಜಗಳ ಕಣ್ಣಾರೆ ಕಂಡ ಇಬ್ಬರು ಸಾಕು. ಕೇಳಿ ತಿಳಿದುಕೊಂಡ ಎಂಟು ಜನ ನೆಂಟರು ಬೇಕಿಲ್ಲ.

ಇಡೀ ವಿಚಾರಣೆಯಲ್ಲಿ ಒಬ್ಬೊಬ್ಬರಿಗೆ ಮೂರಕ್ಕಿಂತ ಜಾಸ್ತಿ ಸಲ ಕೇಸ್ ಮುಂದೂಡುವಂತಿಲ್ಲ ಎಂಬ ನಿಯಮ ಇದೆ. ನಡೆಯುವುದು ಬೇರೆ, ನಿಮಗೂ ಗೊತ್ತು. ಆದರೆ ಎದುರಿನವರು ಮತ್ತೆ ಮತ್ತೆ ಟೈಮ್ ಕೇಳುತ್ತಿದ್ದರೆ ನಿಮ್ಮ ವಕೀಲರು ಎದ್ದು ಆಕ್ಷೇಪಿಸಬೇಕು. ಆ ಆಕ್ಷೇಪ ಆ ದಿನದ ಆದೇಶದಲ್ಲಿ ದಾಖಲಾಗಬೇಕು, ದಂಡ ಹಾಕಿ ಎಂದು ಕೇಳಬೇಕು. ಮುಂದೆ ಹೈಕೋರ್ಟಿಗೆ ಹೋಗಿ "ಬೇಗ ಮುಗಿಸಲು ಹೇಳಿ" ಎಂದು ಕೇಳುವಾಗ ಕೈಗೆ ಬರುವುದು ಈ ದಾಖಲೆಯೇ. ಕರ್ನಾಟಕ ಹೈಕೋರ್ಟ್ ಇಂಥ ರಿಟ್ ಅರ್ಜಿಗಳಲ್ಲಿ ಗಡುವು ಹಾಕಿಕೊಟ್ಟಿದ್ದಿದೆ. ವೈವಾಹಿಕ ಕೇಸುಗಳನ್ನು ಒಂದು ವರ್ಷದ ಮಿತಿಯೊಳಗೆ ಮುಗಿಸಲು ನೋಡಬೇಕು ಅಂತ 2023ರಲ್ಲಿ ಹೇಳಿಯೂ ಇದೆ.

*ವಾದ, ತೀರ್ಪು.* ವಾದ ಮುಗಿದರೆ "ಆರ್ಡರ್‌ಗೆ ಇಟ್ಟಿದ್ದಾರೆ" ಅನ್ನುತ್ತಾರೆ. ಈ ಹೊತ್ತಿಗೆ ಜಡ್ಜ್ ವರ್ಗಾವಣೆ ಆದರೆ ಹೊಸಬರ ಮುಂದೆ ವಾದ ಮತ್ತೆ ಮಾಡಬೇಕು. ಇದಕ್ಕೆ ಯಾರೂ ಏನೂ ಮಾಡಲು ಬರುವುದಿಲ್ಲ.

ಹಂತ 5: ಪಕ್ಕದ ಕೇಸುಗಳನ್ನು ಒಟ್ಟಿಗೆ ಮುಗಿಸಿ

ಡಿವೋರ್ಸ್ ಕುಟುಂಬ ನ್ಯಾಯಾಲಯದಲ್ಲಿ, ಕೌಟುಂಬಿಕ ಹಿಂಸೆಯ ಅರ್ಜಿ ಮ್ಯಾಜಿಸ್ಟ್ರೇಟ್ ಹತ್ತಿರ, ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಕೇಸ್ ಇನ್ನೊಂದು ಕಡೆ. ಕಿರುಕುಳದ ಈ ಕೇಸನ್ನು ಜನ ಈಗಲೂ 498ಎ ಅನ್ನುತ್ತಾರೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85. ಜೀವನಾಂಶದ ಹಳೇ 125 ಈಗ ನಾಗರಿಕ ಸುರಕ್ಷಾ ಸಂಹಿತೆಯ 144.

ನಿಜವಾದ ದೌರ್ಜನ್ಯ ಆಗಿದ್ದರೆ ಈ ಕೇಸುಗಳು ಬೇಕೇ ಬೇಕು. ಬರೀ ಒತ್ತಡ ಹಾಕಲು ಅಂತ ಹಾಕಿದರೆ ಮಾತ್ರ ಇಬ್ಬರೂ ಸಿಕ್ಕಿಬೀಳುತ್ತಾರೆ. "ಅದು ವಾಪಸ್ ತೆಗೆಯದೆ ಇದಕ್ಕೆ ಸಹಿ ಹಾಕಲ್ಲ" ಎಂದು ಗಂಡ, "ಇದು ಆಗದೆ ಅದು ತೆಗೆಯಲ್ಲ" ಎಂದು ಹೆಂಡತಿ. ರಾಜಿ ಆಗುವುದಾದರೆ ಎಲ್ಲ ಕೇಸಿನ ನಂಬರೂ ಒಂದೇ ಒಪ್ಪಂದದಲ್ಲಿ ಬರಲಿ. ಕ್ರಿಮಿನಲ್ ಕೇಸನ್ನು ರದ್ದು ಮಾಡಲು ಹೈಕೋರ್ಟಿಗೇ ಹೋಗಬೇಕು, ಅದಕ್ಕೂ ಒಂದಷ್ಟು ಸಮಯ ಇಟ್ಟುಕೊಳ್ಳಿ.

ವಿದೇಶದಲ್ಲಿ ಇದ್ದರೆ

ಎದುರಿನವರು ವಿದೇಶದಲ್ಲಿದ್ದರೆ ನೋಟಿಸ್ ತಲುಪಿಸುವುದಕ್ಕೇ ತಿಂಗಳುಗಟ್ಟಲೆ ಬೇಕು. ಒಪ್ಪಿಗೆ ಇದ್ದರೆ ಕೆಲಸ ಸಲೀಸು: ನಂಬಿಕೆಯ ಒಬ್ಬರಿಗೆ ಪವರ್ ಆಫ್ ಅಟಾರ್ನಿ ಕೊಟ್ಟು, ವಿಡಿಯೋ ಕಾನ್ಫರೆನ್ಸ್ ಮೂಲಕ ಹೇಳಿಕೆ ಕೊಡಲು ಕೋರ್ಟು ಬಿಡುವುದುಂಟು. ಅಲ್ಲೇ ಡಿವೋರ್ಸ್ ತೆಗೆದುಕೊಂಡು ಬಂದುಬಿಡೋಣ ಅನ್ನುವವರಿಗೆ ಒಂದು ಎಚ್ಚರಿಕೆ. ಇಬ್ಬರೂ ಮನಸಾರೆ ಒಪ್ಪಿ ಹಾಜರಾಗದ, ಇಲ್ಲಿನ ಕಾನೂನಿನ ಕಾರಣ ಇಲ್ಲದ ವಿದೇಶಿ ಡಿಕ್ರಿಯನ್ನು ಇಲ್ಲಿ ಒಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆಗ ಇಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು.

"ನೇರ ಸುಪ್ರೀಂ ಕೋರ್ಟಿಗೆ ಹೋದರೆ ಬೇಗ ಆಗುತ್ತಂತಲ್ಲ" ಎಂದೂ ಕೆಲವರು ಕೇಳುತ್ತಾರೆ. 2023ರ ಮೇ 1ರಂದು ಶಿಲ್ಪಾ ಶೈಲೇಶ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಮದುವೆ ಪೂರ್ತಿ ಮುರಿದುಬಿದ್ದಿದ್ದರೆ ಸಂವಿಧಾನದ 142ನೇ ವಿಧಿಯಡಿ ತಾನು ಡಿವೋರ್ಸ್ ಕೊಡಬಹುದು ಎಂದದ್ದು ನಿಜ. ಆದರೆ ಅದು ಯಾರ ಹಕ್ಕೂ ಅಲ್ಲ, ಅದಕ್ಕಾಗಿ ನೇರವಾಗಿ ರಿಟ್ ಅರ್ಜಿ ಹಾಕುವಂತಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಕೆಳಗಿನ ಕೋರ್ಟುಗಳಿಗೆ ಈ ಅಧಿಕಾರ ಇಲ್ಲ.

ಹಂತ 6: ತಾರೀಕು ನೀವೇ ನೋಡಿಕೊಳ್ಳಿ

ಪ್ರತಿ ಕೇಸಿಗೂ 16 ಅಕ್ಷರಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಕು, ಯಾವ ಹಂತ, ಹಿಂದಿನ ಆದೇಶ ಎಲ್ಲ ಕಾಣುತ್ತದೆ. ವಕೀಲರಿಗೆ ದಿನಾ ಫೋನ್ ಮಾಡುವ ಬದಲು ಇದನ್ನು ನೋಡಿ. ತಾರೀಕಿಗೆ ಒಂದು ವಾರ ಮುಂಚೆ ಒಂದೇ ಪ್ರಶ್ನೆ ಕೇಳಿ: "ಆ ದಿನ ನಮ್ಮ ಕಡೆಯಿಂದ ಏನು ಹಾಕಬೇಕು, ಅದು ತಯಾರಿದೆಯಾ?" ನಮ್ಮ ಕಡೆಯ ಕಾಗದ ತಯಾರಿಲ್ಲದೆ ಹೋದ ತಾರೀಕುಗಳ ಲೆಕ್ಕ ಹಾಕಿದರೆ ಎಷ್ಟೋ ಜನಕ್ಕೆ ಆಶ್ಚರ್ಯ ಆಗುತ್ತದೆ.

ಡಿಕ್ರಿ ಬಂದ ಮೇಲೆ

ಡಿಕ್ರಿ ಕೈಗೆ ಬಂದ ದಿನವೇ ಇನ್ನೊಂದು ಮದುವೆಗೆ ದಿನ ಗೊತ್ತು ಮಾಡಬೇಡಿ. ಸೆಕ್ಷನ್ 15ರ ಪ್ರಕಾರ ಮೇಲ್ಮನವಿಯ ಅವಧಿ ಮುಗಿದಿರಬೇಕು, ಅಥವಾ ಹಾಕಿದ ಮೇಲ್ಮನವಿ ವಜಾ ಆಗಿರಬೇಕು. ಕುಟುಂಬ ನ್ಯಾಯಾಲಯ ಕಾಯ್ದೆಯಲ್ಲಿ ಈ ಅವಧಿ 30 ದಿನ, ಹಿಂದೂ ವಿವಾಹ ಕಾಯ್ದೆಯಲ್ಲಿ 90 ದಿನ. ಕೇಸ್ ನಡೆಸಿ ಗೆದ್ದವರು 90 ದಿನ ಪೂರ್ತಿ ಕಾದು, ಹೈಕೋರ್ಟಿನಲ್ಲಿ ಏನೂ ಬಾಕಿ ಇಲ್ಲ ಅಂತ ನೋಡಿಕೊಂಡೇ ಮುಂದುವರಿಯಲಿ. ಒಪ್ಪಿಗೆಯ ಡಿಕ್ರಿಗೆ ಕುಟುಂಬ ನ್ಯಾಯಾಲಯ ಕಾಯ್ದೆಯಡಿ ಮೇಲ್ಮನವಿ ಇಲ್ಲ.

ತೀರ್ಪಿನ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಎರಡು ಮೂರು ಪ್ರತಿ ತೆಗೆದುಕೊಳ್ಳಿ. ಪಾಸ್‌ಪೋರ್ಟ್, ಬ್ಯಾಂಕ್, ಆಫೀಸಿನ ದಾಖಲೆ, ನಾಮಿನಿ ಬದಲಾವಣೆ, ಎಲ್ಲದಕ್ಕೂ ಅದೇ ಬೇಕು. ಪ್ರತಿ ಕೈಗೆ ಬಂದ ತಕ್ಷಣ ಹೆಸರು, ಮದುವೆಯ ತಾರೀಕು, ಕೇಸ್ ನಂಬರ್ ಸರಿ ಇದೆಯಾ ಎಂದು ಅಲ್ಲೇ ನಿಂತು ಓದಿ. ಒಂದು ಅಕ್ಷರ ತಪ್ಪಿದ್ದರೂ ತಿದ್ದುಪಡಿಗೆ ಮತ್ತೊಂದು ಅರ್ಜಿ, ಅದಕ್ಕೂ ಒಂದು ತಾರೀಕು.